‘ಬೇಡ’ ಎಂದದ್ದನ್ನು ಬರೆದುಕೊಳ್ಳಿ

ಸಾಲ, ಸೈಟು, ವಿಮೆ, ಕ್ರೆಡಿಟ್ ಕಾರ್ಡು ಬೇಕೇ ಎಂದು ಫೋನಿನಲ್ಲಿ ಕೇಳುವ ಎಲ್ಲ ಹುಡುಗ ಹುಡುಗಿಯರಿಗೆ, ಹೊಸನಗರ ತಾಲ್ಲೂಕಿನ ಹಳೇ ಅಂಚೆಯವನೊಬ್ಬನ ನಮಸ್ಕಾರಗಳು.

ಉಭಯ ಕುಶಲೋಪರಿ ಸಾಂಪ್ರತ. ಹೀಗೆ ಶುರುವಾಗುವ ಕಾಗದ ನಿಮ್ಮ ವಯಸ್ಸಿನವರಿಗೆ ಬಂದಿರಲಿಕ್ಕಿಲ್ಲ. ನಾವಿಲ್ಲಿ ಕ್ಷೇಮ, ನೀವಲ್ಲಿ ಕ್ಷೇಮ, ಇನ್ನು ವಿಷಯಕ್ಕೆ ಬರೋಣ ಎಂದು ಅದರ ಅರ್ಥ. ನಾವು ಫೋನ್ ಎತ್ತಿದ ಕೂಡಲೇ ನೀವೂ ‘ಹೇಗಿದ್ದೀರಾ ಸರ್’ ಎಂದು ಕೇಳುತ್ತೀರಿ. ಉತ್ತರಕ್ಕೆ ಕಾಯುವುದಿಲ್ಲ ಅಷ್ಟೆ.

ನಮ್ಮ ಮನೆಯೊಳಗೆ ಸಿಗ್ನಲ್ ಇಲ್ಲ. ಮನೆ ಹಿಂದೆ ಗುಡ್ಡ, ಮುಂದೆ ಅಡಿಕೆ ತೋಟ. ತೋಟ ದಾಟಿ ದಿಣ್ಣೆ ಹತ್ತಿದರೆ ಹಲಸಿನ ಮರದ ಬುಡದಲ್ಲಿ ಎರಡು ಕಡ್ಡಿ ಬರುತ್ತದೆ. ದಿನಕ್ಕೆ ಎರಡು ಹೊತ್ತು ನಾನು ಅಲ್ಲಿಗೆ ಹೋಗಿ ನಿಲ್ಲುತ್ತೇನೆ, ಮೊದಲು ಬಟವಾಡೆಗೆ ಹೊರಡುತ್ತಿದ್ದೆನಲ್ಲ, ಹಾಗೆ. ಕಡ್ಡಿ ಬಂದ ತಕ್ಷಣ ಫೋನು ಗಡಗಡ ನಡುಗಿ, ನಾನು ಇಲ್ಲದಿದ್ದಾಗ ಬಂದ ಸಂದೇಶಗಳನ್ನೆಲ್ಲ ಒಟ್ಟಿಗೆ ಸುರಿಯುತ್ತದೆ. ಐದು ಲಕ್ಷ ಸಾಲ ಮಂಜೂರಾಗಿದೆಯಂತೆ. ನಾನು ಕೇಳಿರಲಿಲ್ಲ. ಬೆಂಗಳೂರಿನ ಹೊರಗೆ ವಿಮಾನ ನಿಲ್ದಾಣದ ಹತ್ತಿರ ಸೈಟು ಇದೆಯಂತೆ. ನಾನು ವಿಮಾನ ನೋಡಿದ್ದು ತಲೆ ಎತ್ತಿ. ಇವುಗಳ ಸಂದಿಯಲ್ಲೆಲ್ಲೋ ಮಗಳ ಒಂದು ಸಾಲು ಇರುತ್ತದೆ: ‘ಅಪ್ಪಾ, ಭಾನುವಾರ ಬರ್ತೀವಿ, ಅಮ್ಮನಿಗೆ ಹೇಳು.’ ಅಕ್ಕಿಯಲ್ಲಿ ಕಲ್ಲು ಆರಿಸುವುದು ಗೊತ್ತು. ಕಲ್ಲಿನಲ್ಲಿ ಅಕ್ಕಿ ಆರಿಸುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ.

ಬೈಯಲು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಬೈಯುವ ಯೋಗ್ಯತೆ ನನಗಿಲ್ಲ. ಯಾಕೆ ಇಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಇಲಾಖೆಗೆ ಸೇರಿದ್ದು ಇ.ಡಿ. ಆಗಿ. ಈಗ ಇ.ಡಿ. ಎಂದರೆ ಮನೆ ಮೇಲೆ ದಾಳಿ ಮಾಡುವವರು ಅಂತ ಜನ ಬೆಚ್ಚುತ್ತಾರೆ. ನಮ್ಮದು ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್, ಅಂದರೆ ಇಲಾಖೆಗೆ ದುಡಿಯುವ ಆದರೆ ಇಲಾಖೆಯವರಲ್ಲದ ಜನ. ಆಮೇಲೆ ಗ್ರಾಮೀಣ ಡಾಕ್ ಸೇವಕ್ ಎಂದು ಹೆಸರು ಬದಲಾಯಿತು, ಚೀಲ ಅದೇ. ಟಪಾಲು ಹಂಚುವುದರ ಜೊತೆಗೆ ಕಾರ್ಡು, ಇನ್‌ಲ್ಯಾಂಡು, ಸ್ಟಾಂಪು ಮಾರುವುದೂ ನಮ್ಮ ಕೆಲಸ. ಓದು ಬರಹ ಇಲ್ಲದವರಿಗೆ ಬಂದ ಕಾಗದ ಓದಿ ಹೇಳಿ, ಉತ್ತರ ಬರೆದುಕೊಡುವುದು ಸಂಬಳವಿಲ್ಲದ ಇನ್ನೊಂದು ಕೆಲಸ.

ಎಂಬತ್ತರ ದಶಕದ ಕೊನೆಯ ಮಾತು. ಕಾರ್ಡಿಗೆ 15 ಪೈಸೆ. ಒಂದು ದಿನ ಚೀಲದಲ್ಲಿ ಕೂಲಿಗೆ ಹೋಗುವ ಹೆಂಗಸೊಬ್ಬಳ ಹೆಸರಿಗೆ ಕಾರ್ಡು ಬಂತು. ಅವಳಿಗೆ ಅದುವರೆಗೆ ಕಾರ್ಡು ಬಂದದ್ದೇ ಇಲ್ಲ. ಹೊಸ್ತಿಲಲ್ಲಿ ಕೂತು ಓದಿ ಹೇಳಿದೆ. ದೊಡ್ಡ ಕ್ಷೇತ್ರವೊಂದರಲ್ಲಿ ದೇವರ ಮುಂದೆ ಹಾವು ಹೆಡೆಯೆತ್ತಿ, ಬ್ರಾಹ್ಮಣನ ರೂಪ ತಾಳಿ ಮಾತಾಡಿತು. ಈ ಕಾರ್ಡು ಸಿಕ್ಕವರು ಇಂಥದೇ 21 ಕಾರ್ಡು ಬರೆದು ಹಾಕಬೇಕು. ಬರೆದವನೊಬ್ಬನಿಗೆ ನಿಧಿ ಸಿಕ್ಕಿತು. ಹರಿದು ಎಸೆದವನ ಮಗ ಒಂಬತ್ತನೇ ದಿನಕ್ಕೆ ಹೋದ. ಅವಳಿಗೆ ಒಬ್ಬನೇ ಮಗ. ಮುಖ ಹೇಗಾಯಿತು ಎಂದು ಬರೆಯುವುದಿಲ್ಲ.

ಅವಳು ಒಳಗೆ ಹೋಗಿ ಡಬ್ಬಿ ಬೋರಲು ಹಾಕಿ ಮೂರು ರೂಪಾಯಿ ಹದಿನೈದು ಪೈಸೆ ಎಣಿಸಿ ತಂದಳು. ನಾನು 21 ಕಾರ್ಡು ಕೊಟ್ಟೆ. ಅವಳಿಗೆ ಬರೆಯಲು ಬಾರದು, ‘ನೀವೇ ಬರೀರಿ ಒಡೆಯಾ’ ಅಂದಳು. ಎರಡು ರಾತ್ರಿ ಚಿಮಣಿ ದೀಪದ ಬೆಳಕಲ್ಲಿ ಕೂತು ಅದೇ ಹಾವು, ಅದೇ ನಿಧಿ, ಅದೇ ಸತ್ತ ಮಗನನ್ನು ಇಪ್ಪತ್ತೊಂದು ಸಲ ಬರೆದೆ. ಆಮೇಲೆ ಬಂತು ನಿಜವಾದ ತೊಡಕು. ಅವಳಿಗೆ ವಿಳಾಸ ಗೊತ್ತಿದ್ದದ್ದು ತವರಿನ ಅಣ್ಣಂದು ಒಂದೇ. ಉಳಿದ ಇಪ್ಪತ್ತು?

ನಾನು ಕೊಟ್ಟೆ. ನನ್ನ ಬೀಟಿನ ಮನೆಗಳ ವಿಳಾಸವೆಲ್ಲ ನನಗೆ ಬಾಯಿಪಾಠ. ಭಯಭಕ್ತಿ ಇರುವವರನ್ನೇ ಆರಿಸಿ ಕೊಟ್ಟೆ, ಹರಿದು ಎಸೆಯುವವರಿಗೆ ಹೋದರೆ ಪಾಪ ಅವಳ ಕಾರ್ಡು ದಂಡವಾಗುತ್ತದಲ್ಲ ಎಂದು. ಈಗ ನಿಮ್ಮ ಆಫೀಸಿನವರು ಯಾರಿಂದಲೋ ಕೊಂಡು ತರುತ್ತಾರಲ್ಲ, ಹೆಸರು ಮತ್ತು ನಂಬರಿನ ಪಟ್ಟಿ, ನೀವು ‘ಲೀಡ್’ ಎನ್ನುತ್ತೀರಲ್ಲ, ಅದನ್ನು ನಮ್ಮೂರಲ್ಲಿ ಮೊದಲು ಒದಗಿಸಿದವನು ನಾನು. ಅದೂ ಪುಕ್ಕಟೆ.

ಕಾರ್ಡುಗಳು ಸಾಗರಕ್ಕೆ ಹೋಗಿ ಸೀಲು ಹೊಡೆಸಿಕೊಂಡು ನಾಲ್ಕನೇ ದಿನ ನನ್ನ ಚೀಲಕ್ಕೇ ವಾಪಸು ಬಂದವು. ನಾನೇ ಬರೆದ ಕಾರ್ಡನ್ನು ನಾನೇ ಹಂಚಿ, ನಾನೇ ಓದಿ ಹೇಳಿದೆ. ಆ ವಾರ ಹದಿಮೂರು ಮನೆಯವರು ಕಾರ್ಡು ಕೇಳಿದರು. ಬ್ರಾಂಚ್ ಆಫೀಸಿನ ಕಾರ್ಡಿನ ಸ್ಟಾಕು ಮುಗಿದು ಮೇಲಿನಿಂದ ತರಿಸಬೇಕಾಯಿತು. ಮಾರಾಟ ಏರಿದೆ ಎಂದು ಪೋಸ್ಟ್ ಮಾಸ್ಟರಿಗೆ ಖುಷಿ. ನಾನು ಒಂದು ಸಂಜೆ ಸುಮ್ಮನೆ ಲೆಕ್ಕ ಹಾಕಿದೆ. ಒಂದು ಕಾರ್ಡು 21 ಆದರೆ, ಆ 21 ಮಂದಿ ಬರೆದದ್ದು 441, ಅವರು ಬರೆದರೆ 9,261. ಮೂರೇ ಸುತ್ತಿಗೆ ನಮ್ಮ ಸುತ್ತಲಿನ ಊರುಗಳ ಮನೆಯೆಲ್ಲ ಮುಗಿದು ಜಾನುವಾರುಗಳ ಹೆಸರಿಗೂ ಬರೆಯಬೇಕಾಗುತ್ತದೆ. ಹಾಗಾಗಲಿಲ್ಲ. ಯಾಕೆ ಗೊತ್ತೇ? ಹಾವಿನ ಮೇಲಿನ ಭಕ್ತಿ ಕಡಿಮೆಯಾಗಲಿಲ್ಲ. ಜನರ ಹತ್ತಿರ ಮೂರು ರೂಪಾಯಿ ಹದಿನೈದು ಪೈಸೆ ಇರಲಿಲ್ಲ. ಆ 15 ಪೈಸೆಯೇ ಜರಡಿ.

ಈ ಜರಡಿಯ ಇತಿಹಾಸ ಸ್ವಲ್ಪ ಹೇಳುತ್ತೇನೆ. ನಿವೃತ್ತನ ಕೈಯಲ್ಲಿ ಸಮಯ ಇದೆ, ಮೊಮ್ಮಗಳು ಹುಡುಕುವುದನ್ನು ಹೇಳಿಕೊಟ್ಟಿದ್ದಾಳೆ, ಮತ್ತು ನೀವು ನನಗೆ ಎಷ್ಟೋ ಸಲ ಬಡ್ಡಿದರ ಓದಿ ಹೇಳಿದ್ದೀರಿ. ನನ್ನದನ್ನೂ ಒಂದು ಸಲ ಕೇಳಬೇಕು.

ಇಂಗ್ಲೆಂಡಿನಲ್ಲಿ 1840ಕ್ಕೆ ಮುಂಚೆ ಕಾಗದದ ದುಡ್ಡನ್ನು ಹೆಚ್ಚಾಗಿ ಪಡೆದುಕೊಂಡವನೇ ಕೊಡುತ್ತಿದ್ದ. ಬಡವರು ಕಾಗದದ ಹೊರಗೇ ಗುಟ್ಟಿನ ಗುರುತು ಹಾಕಿ ಕಳಿಸುತ್ತಿದ್ದರಂತೆ. ಪಡೆಯುವವರು ಗುರುತು ನೋಡಿ, ಎಲ್ಲ ಕ್ಷೇಮ ಎಂದು ತಿಳಿದು, ‘ನಮಗೆ ಬೇಡ’ ಎಂದು ಹಿಂತಿರುಗಿಸುವುದು. ರೋಲೆಂಡ್ ಹಿಲ್ ಎಂಬ ಮೇಷ್ಟ್ರು ಇದನ್ನು ತಿರುಗಿಸಿ, ಕಳಿಸುವವನೇ ಮೊದಲು ದುಡ್ಡು ಕಟ್ಟಬೇಕು, ಕಟ್ಟಿದ್ದಕ್ಕೆ ಗುರುತಾಗಿ ಸ್ಟಾಂಪು ಅಂಟಿಸಬೇಕು ಎಂದು ವಾದಿಸಿ ಗೆದ್ದ. 1840ರ ಮೇ ತಿಂಗಳಲ್ಲಿ ಕಪ್ಪು ಬಣ್ಣದ ಒಂದು ಪೆನ್ನಿ ಸ್ಟಾಂಪು ಬಂತು. ನಮ್ಮ ದೇಶಕ್ಕೆಲ್ಲ ಒಂದೇ ದರದ ಸ್ಟಾಂಪು ಬಂದದ್ದು 1854ರ ಅಕ್ಟೋಬರಿನಲ್ಲಿ, ಅರ್ಧ ಆಣೆಗೆ.

ನಮ್ಮ ಮೊಬೈಲಿನ ಕಥೆಯೂ ಇದೇ. 1995ರಲ್ಲಿ ಮೊಬೈಲು ಬಂದಾಗ ಒಳಗೆ ಬರುವ ಕರೆಗೂ ದುಡ್ಡು ಕೊಡಬೇಕಿತ್ತು. ಕರೆ ಮಾಡಿದವನೇ ಕೊಡಲಿ ಎಂದಾದದ್ದು 2003ರಲ್ಲಿ. ಗುಟ್ಟಿನ ಗುರುತು ಹಾಕುತ್ತಿದ್ದ ಆ ಇಂಗ್ಲೆಂಡಿನ ಬಡವರ ಬುದ್ಧಿ ನಮ್ಮಲ್ಲಿ ‘ಮಿಸ್ ಕಾಲ್’ ಆಯಿತು. ಒಂದು ರಿಂಗು ಅಂದರೆ ಬಸ್ಸು ಹತ್ತಿದೆ, ಎರಡು ಅಂದರೆ ಇಳಿದೆ. ನಮ್ಮ ಮನೆಯಲ್ಲಿ ಈ ಲಿಪಿಯನ್ನು ನನ್ನ ಹೆಂಡತಿಯಷ್ಟು ಚೆನ್ನಾಗಿ ಓದಿದವರಿಲ್ಲ.

ಸ್ಟಾಂಪಿಲ್ಲದ ಕಾಗದ ನಮ್ಮ ಕಾಲದಲ್ಲೂ ಇತ್ತು, ಬೇರಿಂಗ್ ಕಾಗದ ಎನ್ನುತ್ತಿದ್ದೆವು. ಕಡಿಮೆ ಬಿದ್ದದ್ದರ ಎರಡರಷ್ಟನ್ನು ಪಡೆಯುವವರಿಂದ ವಸೂಲು ಮಾಡಬೇಕು. ಹಾಸ್ಟೆಲಿನ ಹುಡುಗರು ದುಡ್ಡು ಕಳಿಸಿ ಎಂದು ಅಪ್ಪನಿಗೆ ಬರೆಯುವ ಕಾಗದ ಹೆಚ್ಚಾಗಿ ಬೇರಿಂಗೇ. ಪಡೆಯುವವರು ‘ಬೇಡ’ ಎನ್ನಬಹುದಿತ್ತು. ಎಂದರೆ ನಾನು ಅದರ ಮೇಲೆ ‘ರೆಫ್ಯೂಸ್ಡ್’ ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿ ವಾಪಸು ಕಳಿಸಬೇಕು. ವಾಪಸು ಹೋದ ಮೇಲೆ ದಂಡ ಕಟ್ಟಬೇಕಾದವನು ಕಳಿಸಿದವನು.

ಈ ಒಂದು ಪದ ಬರೆಯಲು ನಮಗೆ ಎಷ್ಟು ಬಿಗಿ ಇತ್ತು ಅಂತೀರಿ! ಮನೆಯವರು ಇಲ್ಲದಿದ್ದರೆ ‘ಬಾಗಿಲು ಹಾಕಿತ್ತು’, ಊರು ಬಿಟ್ಟಿದ್ದರೆ ‘ಲೆಫ್ಟ್’, ಅಂಥವರೇ ಇಲ್ಲದಿದ್ದರೆ ‘ನಾಟ್ ನೋನ್’. ಒಂದರ ಬದಲು ಇನ್ನೊಂದು ಬರೆಯುವ ಹಾಗಿಲ್ಲ. ಕೋರ್ಟಿನ ನೋಟಿಸು ಬೇಡವೆಂದವನು ‘ಬಾಗಿಲು ಹಾಕಿತ್ತು ಅಂತ ಬರಿ’ ಎಂದು ಕಾಫಿ ಕೊಡಲು ಬಂದದ್ದುಂಟು. ಕಾಫಿ ಕುಡಿದು, ‘ರೆಫ್ಯೂಸ್ಡ್’ ಎಂದೇ ಬರೆದೆ. ಬೇಡವೆಂದದ್ದಕ್ಕೆ ಒಂದು ಬೆಲೆ ಇತ್ತು, ಅದಕ್ಕೊಂದು ಜಾಗ ಇತ್ತು, ಬರೆದವನ ಸಹಿ ಇತ್ತು.

ನಿಮ್ಮ ಕಸುಬಿನ ಮೂಲಪುರುಷನ ಹೆಸರು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಗ್ಯಾರಿ ಥುಯೆರ್ಕ್ ಅಂತ, ಅಮೆರಿಕದವನು, ಡಿಜಿಟಲ್ ಎಂಬ ಕಂಪ್ಯೂಟರ್ ಕಂಪನಿಯ ಮಾರಾಟದವನು. 1978ರ ಮೇ 3ರಂದು ಅರ್ಪಾನೆಟ್ ಎಂಬ ಆಗಿನ ಜಾಲದಲ್ಲಿದ್ದ ಸುಮಾರು 400 ಮಂದಿಗೆ ಒಂದೇ ಏಟಿಗೆ ಜಾಹೀರಾತು ಕಳಿಸಿದ. ಬೈಗುಳ ಸಿಕ್ಕಿತು, ಯಂತ್ರಗಳೂ ಮಾರಾಟವಾದವು. ಬೈಗುಳಕ್ಕೆ ಖರ್ಚಿಲ್ಲ, ಮಾರಾಟಕ್ಕೆ ಲಾಭ ಇದೆ ಅಂದ ಮೇಲೆ ಇನ್ನೇನು? 1994ರಲ್ಲಿ ಅರಿಜೋನಾದ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಗೆ ಅರ್ಜಿ ಹಾಕಿಸುತ್ತೇವೆಂದು ಸಾವಿರಾರು ಚರ್ಚಾಗುಂಪುಗಳಿಗೆ ಒಂದೇ ಬರಹ ತುರುಕಿದರು. ಇಂಥದಕ್ಕೆಲ್ಲ ‘ಸ್ಪ್ಯಾಮ್’ ಎಂಬ ಹೆಸರು ನಿಂತಿತು. ಅದು ಡಬ್ಬಿಯಲ್ಲಿ ತುಂಬಿದ ಹಂದಿ ಮಾಂಸದ ಹೆಸರು, 1937ರಿಂದ ಮಾರುತ್ತಿದ್ದಾರೆ. ಹೋಟೆಲಿನಲ್ಲಿ ಏನು ಕೇಳಿದರೂ ಅದೇ ಮಾಂಸ ಬರುವ ಒಂದು ಇಂಗ್ಲಿಷ್ ಹಾಸ್ಯ ಪ್ರಸಂಗ ಇದೆಯಂತೆ, ಅಲ್ಲಿಂದ ಬಂದ ಹೆಸರು. ನಮ್ಮಲ್ಲಾದರೆ ಉಪ್ಪಿಟ್ಟು ಎಂದಿಡುತ್ತಿದ್ದೆವೇನೋ.

ನನಗೆ ಇಷ್ಟವಾದದ್ದು ಬೇರೊಂದು ಸಂಗತಿ. 1992ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಮೋನಿ ನಾವೊರ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೆ ಮದ್ದು ಹುಡುಕುತ್ತ ಎಲ್ಲಿಗೆ ಬಂದರು ಗೊತ್ತೇ? ಸ್ಟಾಂಪಿಗೆ. ದುಡ್ಡಿನ ಸ್ಟಾಂಪಲ್ಲ, ಪ್ರತಿ ಸಂದೇಶ ಕಳಿಸುವ ಮುನ್ನ ಕಳಿಸುವವನ ಕಂಪ್ಯೂಟರು ಒಂದು ಲೆಕ್ಕ ಬಿಡಿಸಬೇಕು. ಒಬ್ಬರಿಗೆ ಬರೆಯುವವನಿಗೆ ಅದು ಭಾರವೇ ಅಲ್ಲ, ಲಕ್ಷ ಮಂದಿಗೆ ಬರೆಯುವವನ ಯಂತ್ರ ಮಾತ್ರ ಬೆವರಬೇಕು. ಅದೇ 15 ಪೈಸೆ! 2004ರಲ್ಲಿ ಬಿಲ್ ಗೇಟ್ಸ್ ಕೂಡ ಇನ್ನು ಎರಡೇ ವರ್ಷ, ಸ್ಪ್ಯಾಮ್ ಮುಗಿಯಿತು ಎಂದಿದ್ದರು, ಅವರ ಮನಸ್ಸಿನಲ್ಲೂ ಇಂಥದೊಂದು ಸ್ಟಾಂಪು ಇತ್ತು. ಎರಡು ವರ್ಷ ಆಗಿ ಎರಡು ದಶಕ ಆಯಿತು. ನಿನ್ನೆ ಬಂದ ಸೈಟಿನ ಸಂದೇಶ ನನ್ನ ಫೋನಿನಲ್ಲಿ ಹಾಗೇ ಇದೆ.

ಈಗ ನಿಮ್ಮ ಆಫೀಸಿನ ಒಳಗಿನ ಮಾತಿಗೆ ಬರುತ್ತೇನೆ. ಇದನ್ನು ನನಗೆ ಹೇಳಿದ್ದು ನಮ್ಮ ಕೇರಿಯ ಹುಡುಗಿಯೊಬ್ಬಳು. ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋದಳು, ಹನ್ನೊಂದು ತಿಂಗಳು ನಿಮ್ಮದೇ ಕೆಲಸ ಮಾಡಿ ಗಂಟಲು ಕೆಡಿಸಿಕೊಂಡು ವಾಪಸು ಬಂದಳು. ಯಾವ ಕಂಪನಿ ಅಂತ ಬೇಡ. ಅವಳು ಹೇಳುವವರೆಗೆ, ನೀವು ಪಟ್ಟಿ ನೋಡಿ ಒಂದೊಂದೇ ನಂಬರು ಒತ್ತುತ್ತೀರಿ ಎಂದೇ ನಂಬಿದ್ದೆ. ಒತ್ತುವುದು ಯಂತ್ರವಂತೆ. ಐದಾರು ಮನೆಗೆ ಒಟ್ಟಿಗೆ ರಿಂಗು ಮಾಡಿ, ಯಾರು ಮೊದಲು ಎತ್ತುತ್ತಾರೋ ಅವರನ್ನು ಖಾಲಿ ಇರುವವರ ಕಿವಿಗೆ ಹಾಕುತ್ತದಂತೆ. ಯಾರೂ ಖಾಲಿ ಇಲ್ಲದಿದ್ದರೆ ಎತ್ತಿದವನು ‘ಹಲೋ ಹಲೋ’ ಎನ್ನುತ್ತಿರಬೇಕು, ಆ ಕಡೆ ಉಸಿರೂ ಇರುವುದಿಲ್ಲ.

ಇದನ್ನು ಕೇಳಿ ನನಗೆ ಒಂದು ಒಗಟು ಬಿಡಿಸಿದಂತಾಯಿತು. ನನ್ನ ಹಳೇ ಬೀಟಿನಲ್ಲಿ ಒಬ್ಬರು ಮುದುಕರಿದ್ದಾರೆ, ಮಗ ಗಲ್ಫಿನಲ್ಲಿ. ಹೀಗೆ ಸದ್ದಿಲ್ಲದ ಫೋನು ಬಂದರೆ ಅವರು ಇಡುವುದೇ ಇಲ್ಲ. ಮಗನದ್ದೇ, ಲೈನು ಸರಿ ಇಲ್ಲ ಎಂದುಕೊಂಡು ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಕೊಟ್ಟಿಗೆಗೆ ಓಡಾಡುತ್ತಾ ‘ಜೋರಾಗಿ ಮಾತಾಡೋ ಮಾರಾಯಾ, ಕೇಳಲ್ಲ’ ಎಂದು ಕೂಗುತ್ತಾರೆ. ನಾನಿನ್ನೂ ಅವರಿಗೆ ನಿಜ ಹೇಳಿಲ್ಲ.

ಆ ಹುಡುಗಿ ಇನ್ನೂ ಒಂದು ಹೇಳಿದಳು, ಈ ಕಾಗದ ಬರೆಯಲು ಅದೇ ಕಾರಣ. ಪ್ರತಿ ಕರೆ ಮುಗಿದ ಮೇಲೆ ನಿಮ್ಮ ಪರದೆಯ ಮೇಲೆ ಒಂದು ಪಟ್ಟಿ ಬರುತ್ತದಂತೆ, ಡಿಸ್ಪೊಸಿಷನ್ ಎನ್ನುತ್ತಾರಂತೆ. ರಿಂಗ್ ಆಯಿತು ಎತ್ತಲಿಲ್ಲ, ನಂಬರ್ ತಪ್ಪು, ಆಸಕ್ತಿ ಇಲ್ಲ, ಮತ್ತೆ ಕರೆಯಿರಿ, ಇನ್ನು ಕರೆಯಬೇಡಿ. ನೀವು ಒಂದನ್ನು ಒತ್ತಬೇಕು. ಕೇಳುತ್ತಾ ಕೇಳುತ್ತಾ ನನಗೆ ಮೈ ಜುಮ್ಮೆಂದಿತು. ಇದು ನಮ್ಮದೇ! ಬಾಗಿಲು ಹಾಕಿತ್ತು, ನಾಟ್ ನೋನ್, ರೆಫ್ಯೂಸ್ಡ್. ನೀವು ನಮ್ಮ ಕಸುಬಿನವರೇ, ಚೀಲವಿಲ್ಲ ಅಷ್ಟೆ.

‘ಹಾಗಾದರೆ ನಾನು ಬೇಡ ಅಂದದ್ದನ್ನು ಬರೆದುಕೊಳ್ಳುತ್ತಾರಲ್ಲ, ಮತ್ತೆ ಯಾಕೆ ಫೋನು ಬರುತ್ತದೆ?’ ಎಂದು ಕೇಳಿದೆ. ಅವಳು ನಕ್ಕಳು. ‘ಆಸಕ್ತಿ ಇಲ್ಲ’ ಜಾಸ್ತಿ ಒತ್ತಿದರೆ ಟೀಮ್ ಲೀಡರು ಕರೆದು, ನಿನಗೆ ಮಾತಾಡಲು ಬರುವುದಿಲ್ಲವೇ ಎಂದು ಎಲ್ಲರ ಮುಂದೆ ಕೇಳುತ್ತಿದ್ದನಂತೆ. ‘ಇನ್ನು ಕರೆಯಬೇಡಿ’ ಒತ್ತಿದರೆ ನಂಬರು ಪಟ್ಟಿಯಿಂದಲೇ ಹೋಗುತ್ತದೆ, ಅದಕ್ಕೆ ಬೈಗುಳ ಇನ್ನೂ ಜಾಸ್ತಿ. ಹಾಗಾಗಿ ಬೈದು ಇಟ್ಟವರಿಗೂ, ಅತ್ತು ಇಟ್ಟವರಿಗೂ ‘ಮತ್ತೆ ಕರೆಯಿರಿ’ ಎಂದೇ ಒತ್ತುವುದು. ಕಾಫಿ ಕುಡಿದು ‘ಬಾಗಿಲು ಹಾಕಿತ್ತು’ ಎಂದು ಬರೆದ ಹಾಗೆ. ನಿಮಗೆ ಕಾಫಿಯೂ ಇಲ್ಲ ಪಾಪ.

ಒಂದು ಸಲ ಬೇಡವೆಂದರೆ ಮತ್ತೆ ಮಾಡಬೇಡಿ ಎಂದು ನಾನು ಯಾಕೆ ಇಷ್ಟು ಹಠ ಹಿಡಿದಿದ್ದೇನೆ, ಗುರುತಿಲ್ಲದ ನಂಬರು ಎತ್ತದೆ ಸುಮ್ಮನಿರಬಹುದಲ್ಲ ಎಂದು ನೀವು ಕೇಳಬಹುದು. ನನ್ನ ಮಗಳೂ ಅದನ್ನೇ ಹೇಳುತ್ತಾಳೆ. ಹಾಗೇ ಮಾಡಿದೆ ಕೂಡ. ಅದರ ಫಲ ಕೇಳಿ.

ಹಳೇ ಬೀಟಿನ ವಯಸ್ಸಾದವರಿಗೆ ನಾನು ಈಗಲೂ ಅಂಚೆಯಣ್ಣನೇ. ಪಿಂಚಣಿ ಬಂದಿಲ್ಲ, ಆಧಾರಿನಲ್ಲಿ ಹೆಸರು ತಪ್ಪಾಗಿದೆ, ಪಾಸ್‌ಬುಕ್ಕು ಓದಿ ಹೇಳು, ಎಲ್ಲಕ್ಕೂ ನನಗೇ ಫೋನು. ಅವರಲ್ಲಿ ಎಷ್ಟೋ ಮಂದಿಗೆ ಸ್ವಂತ ಫೋನಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವನದ್ದು, ಅಂಗಡಿಯವನದ್ದು, ಆಸ್ಪತ್ರೆಯಲ್ಲಿ ಎದುರು ಬೆಡ್ಡಿನವರದ್ದು ಇಸಿದುಕೊಂಡು ಮಾಡುತ್ತಾರೆ. ಅಂದರೆ ನನಗೆ ಬೇಕಾದ ಕರೆಗಳೆಲ್ಲ ಬರುವುದು ಗುರುತಿಲ್ಲದ ನಂಬರಿನಿಂದಲೇ.

ನವೆಂಬರಿನಲ್ಲಿ ಪಿಂಚಣಿದಾರರು ಬದುಕಿದ್ದೇವೆ ಎಂದು ಪ್ರಮಾಣ ಕೊಡಬೇಕು. ತೀರಿಹೋದ ಮೇಷ್ಟ್ರೊಬ್ಬರ ಹೆಂಡತಿ, ಎಂಬತ್ತರ ಹತ್ತಿರದವರು, ಅದಕ್ಕಾಗಿ ಬಸ್ಸು ಹತ್ತಿ ಸಾಗರಕ್ಕೆ ಹೋಗಿದ್ದರು. ಬೆಳಿಗ್ಗೆ ನಮ್ಮ ಮನೆಗೆ ಬಂದು ಕಾಗದಗಳನ್ನು ತೋರಿಸಿ, ಹೊರಡುವ ಗಡಿಬಿಡಿಯಲ್ಲಿ ಪಿಂಚಣಿ ಆದೇಶದ ಹಾಳೆಯನ್ನು ಜಗಲಿಯಲ್ಲೇ ಬಿಟ್ಟಿದ್ದರು. ಅಲ್ಲಿ ಹೋದರೆ ಆ ಹಾಳೆಯಲ್ಲಿದ್ದ ನಂಬರು ಬೇಕು. ಆಟೋದವನ ಫೋನು ಇಸಿದುಕೊಂಡು ನನಗೆ ಮಾಡಿಸಿದರು. ನಾನು ದಿಣ್ಣೆಯ ಮೇಲೇ ಇದ್ದೆ. ಅರ್ಧ ಗಂಟೆಯಲ್ಲಿ ಮೂರು ಸಾಲದ ಕರೆ ಮುಗಿಸಿ ತಲೆ ಕೆಟ್ಟಿತ್ತು. ಮೊದಲನೇ ಸಲ ಕಟ್ ಮಾಡಿದೆ. ಎರಡನೇ ಸಲ ಬಂದಾಗ ಇವರಿಗೆ ಮಾನ ಇಲ್ಲವೇ ಎಂದು ಗೊಣಗಿ ಮತ್ತೆ ಕಟ್ ಮಾಡಿದೆ. ಆಟೋದವನಿಗೆ ಬಾಡಿಗೆ ಬಂತು, ಹೋದ. ಅವರು ಕಟ್ಟೆಯ ಮೇಲೆ ಕೂತು, ತಂದ ಅವಲಕ್ಕಿ ತಿಂದು, ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದರು. ಬದುಕಿದ್ದೇನೆ ಎಂದು ಹೇಳಲಾಗದೆ.

ಸಂಜೆ ಹಾಳೆ ಒಯ್ಯಲು ಬಂದಾಗ ಜೋರಾಗಿ ಏನೂ ಅನ್ನಲಿಲ್ಲ. ‘ಬಾಗಿಲು ಹಾಕಿದ ಮನೆಗೂ ನೀನು ಎರಡೆರಡು ಸಲ ಬರ್ತಿದ್ದೆ. ಈಗ ನಿನ್ನ ಬಾಗಿಲೇ ಹಾಕಿರ್ತದಲ್ಲೋ’ ಎಂದರು. ಮರುದಿನ ನಾನೇ ಕರೆದುಕೊಂಡು ಹೋಗಿ ಮಾಡಿಸಿದೆ, ಅದು ಬೇರೆ ಮಾತು. ನಾನು ಕಟ್ ಮಾಡಿದ್ದು ಅವರನ್ನಲ್ಲ, ನಿಮ್ಮನ್ನು. ಹೊಡೆತ ಬಿದ್ದದ್ದು ಅವರಿಗೆ.

ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. 2007ರಲ್ಲೇ ಕರೆ ಬೇಡದವರ ಪಟ್ಟಿ ಬಂತು. ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ 2010ರಲ್ಲಿ ಒಂದು ನಿಯಮ, 2018ರಲ್ಲಿ ಇನ್ನೂ ಬಿಗಿಯಾದ ನಿಯಮ ಮಾಡಿತು. 1909ಕ್ಕೆ ‘ಸ್ಟಾರ್ಟ್ 0’ ಎಂದು ಇಂಗ್ಲಿಷಿನಲ್ಲಿ ಸಂದೇಶ ಹಾಕಿದರೆ ಎಲ್ಲ ಜಾಹೀರಾತೂ ನಿಲ್ಲಬೇಕು, ಹಾಕಿದ್ದೇನೆ. 2025ರ ಫೆಬ್ರುವರಿಯ ತಿದ್ದುಪಡಿಯ ಮೇಲೆ ಆ ಪಟ್ಟಿಯಲ್ಲಿ ಹೆಸರಿಲ್ಲದವರೂ ದೂರು ಕೊಡಬಹುದು, ಅದಕ್ಕಿದ್ದ ಮೂರು ದಿನದ ಗಡುವು ಏಳಾಗಿದೆ, 10 ದಿನದಲ್ಲಿ 5 ದೂರು ಬಂದರೂ ಕ್ರಮ ಶುರುವಾಗಬೇಕು. ಮಾರಾಟದ ಕರೆ 140ರಿಂದ ಶುರುವಾಗುವ ನಂಬರಿನಿಂದ ಬರಬೇಕು, ಬ್ಯಾಂಕಿನವರು ಕೆಲಸದ ವಿಷಯ ಹೇಳಲು 1600ರಿಂದ ಮಾಡಬೇಕು. ಸಂದೇಶ ಕಳಿಸಿದವರ ಹೆಸರಿನ ಬಾಲದಲ್ಲಿ ಒಂದು ಅಕ್ಷರ ಇರುತ್ತದೆ: ಪಿ ಇದ್ದರೆ ಪ್ರಚಾರ, ಎಸ್ ಇದ್ದರೆ ಸೇವೆ, ಟಿ ಇದ್ದರೆ ಹಣದ ವ್ಯವಹಾರ, ಜಿ ಇದ್ದರೆ ಸರ್ಕಾರ.

ಈ ಬಾಲದ ಅಕ್ಷರ ನನಗೆ ಬಹಳ ಹಿಡಿಸಿತು. ಮದುವೆಯ ಕಾಗದದ ನಾಲ್ಕು ಮೂಲೆಗೆ ಅರಿಶಿನ ಹಚ್ಚಿರುತ್ತಿದ್ದರು. ಚೀಲದಿಂದ ತೆಗೆಯುವಾಗಲೇ ತಿಳಿಯುತ್ತಿತ್ತು, ಆ ಮನೆಗೆ ನಗುತ್ತಾ ಹೋಗುತ್ತಿದ್ದೆ. ಓದುವ ಮೊದಲೇ ಇದು ಎಂಥ ಕಾಗದ ಎಂದು ತಿಳಿಸುವುದು ಒಂದು ಮರ್ಯಾದೆ. ಆದರೆ ಅರಿಶಿನ ಹಚ್ಚುವವನು ಪ್ರಾಮಾಣಿಕನಾಗಿರಬೇಕಲ್ಲ? ನನಗೆ ಬರುವ ಸಾಲದ ಕರೆಗಳಲ್ಲಿ 140ರವು ಎಲ್ಲೋ ಒಂದೆರಡು. ಉಳಿದವೆಲ್ಲ ನನ್ನ ನಿಮ್ಮಂಥ ಹತ್ತಂಕಿಯ ನಂಬರುಗಳು, ದಿನಕ್ಕೊಂದು. ವಸೂಲಿ ನೋಟಿಸಿಗೆ ಅರಿಶಿನ ಹಚ್ಚಿ ಕಳಿಸಿದಂತೆ. ನಿಮ್ಮ ಮಾಲೀಕರು ಇದನ್ನು ತಿಳಿದೇ ಮಾಡುತ್ತಾರೆ, 140 ಎಂದು ಕಂಡರೆ ನಾವು ಎತ್ತುವುದಿಲ್ಲ ಅಂತ. ಎತ್ತದಿರಲಿಕ್ಕೇ ಅಲ್ಲವೇ ಆ ನಂಬರು ಕೊಟ್ಟದ್ದು!

ಈ ಗದ್ದಲದಲ್ಲಿ ಕಳ್ಳರೂ ಸೇರಿಕೊಂಡಿದ್ದಾರೆ. ನಿಮ್ಮದೇ ದನಿ, ನಿಮ್ಮದೇ ‘ಸರ್’, ಕೊನೆಗೆ ಒಟಿಪಿ. ಅವರಿಗೆ ಈ ಕಾಗದವಲ್ಲ, ಅವರಿಗಿರುವುದು 1930 ಎಂಬ ಪೊಲೀಸರ ಸಹಾಯವಾಣಿ. ಒಂದು ಮಾತು ಮಾತ್ರ: ದಿನಕ್ಕೆ ಹತ್ತು ಸಲ ಕರೆಗಂಟೆ ಒತ್ತುವ ಮಾರಾಟಗಾರರಿಂದ ಬೇಸತ್ತವರು ಹನ್ನೊಂದನೆಯವನು ಕಳ್ಳನೋ ನೆಂಟನೋ ಎಂದು ನೋಡುವ ತಾಳ್ಮೆ ಕಳೆದುಕೊಂಡಿರುತ್ತಾರೆ.

ಈಗ ನನ್ನ ಕೋರಿಕೆ. ಕೆಲಸ ಬಿಡಿ ಎನ್ನುವುದಿಲ್ಲ. ನಮ್ಮೂರ ಹುಡುಗಿ ತಿಂಗಳಿಗೆ ಕಳಿಸುತ್ತಿದ್ದ ದುಡ್ಡಿನಲ್ಲೇ ಅವಳ ತಮ್ಮ ಡಿಪ್ಲೊಮಾ ಓದಿದ. ಫೋನು ಮಾಡಬೇಡಿ ಎಂದೂ ಹೇಳುವುದಿಲ್ಲ, ಮೊದಲನೇ ಸಲ ಮಾಡಿ. ಸಾಲ ಬೇಕಾದವರು ಇರಬಹುದು, ನಿಮಗೆ ಹೇಗೆ ಗೊತ್ತಾಗಬೇಕು? ಎತ್ತಿದವನು ಬೇಡ ಎಂದಮೇಲೆ, ಪರದೆಯ ಮೇಲೆ ಆ ಪಟ್ಟಿ ಬಂದಾಗ, ಬೆರಳು ‘ಮತ್ತೆ ಕರೆಯಿರಿ’ ಕಡೆ ಹೋಗುವ ಮುಂಚೆ ಅರೆಗಳಿಗೆ ತಡೆಯಿರಿ. ದಿನದ ಎಲ್ಲ ಕರೆಗೂ ಸತ್ಯವನ್ನೇ ಒತ್ತಿ ಎನ್ನಲು ನಾನು ಯಾರು? ನಿಮ್ಮ ಹಿಂದೆ ನಿಂತ ಟೀಮ್ ಲೀಡರು ನನ್ನ ಹಿಂದೆ ನಿಂತಿಲ್ಲ. ದನಿ ನಡುಗುವ ವಯಸ್ಸಾದವರು, ಆಸ್ಪತ್ರೆಯಲ್ಲಿದ್ದೇನೆ ಎಂದವರು, ಮಗುವಿನ ಅಳು ಕೇಳಿಸಿದವರು, ಇಷ್ಟು ಮಂದಿಗಾದರೂ ‘ಇನ್ನು ಕರೆಯಬೇಡಿ’ ಎಂಬ ಕೊನೆಯ ಸಾಲನ್ನು ಒತ್ತಿ. ಬೈಗುಳ ಬಿದ್ದರೆ, ನಂಬರೇ ತಪ್ಪು ಎಂದು ಹೇಳಿಬಿಡಿ. ಸುಳ್ಳು ಹೇಳಲೇಬೇಕಾದ ಕೆಲಸದಲ್ಲಿ ಒಂದು ಸುಳ್ಳು ನಮ್ಮ ಕಡೆಗೂ ಇರಲಿ.

ನಾನೂ ಸುಮ್ಮನೆ ಕೂತಿಲ್ಲ. ಹಳೇ ಟಪಾಲು ಡೈರಿಯಂಥದೇ ಒಂದು ಪುಸ್ತಕ ಮಾಡಿಕೊಂಡಿದ್ದೇನೆ. ತಾರೀಕು, ಹೊತ್ತು, ನಂಬರು, ಏನು ಮಾರಲು ಬಂದರು, ಷರಾ. ಷರಾದ ಕಾಲಮ್ಮಿನಲ್ಲಿ ‘ರೆಫ್ಯೂಸ್ಡ್’ ಎಂದು ಬರೆದು ಸಹಿ ಹಾಕುತ್ತೇನೆ. ಸಂಜೆ ದಿಣ್ಣೆಯ ಮೇಲೆ ನಿಂತು ಅವುಗಳನ್ನು 1909ಕ್ಕೆ ಕಳಿಸುತ್ತೇನೆ. ನಂಬರು ನಿಮ್ಮ ಕಂಪನಿಯದ್ದು, ನಿಮ್ಮ ಹೆಸರು ಅದರಲ್ಲಿ ಇಲ್ಲ, ಹೆದರಬೇಡಿ. ಹೆಂಡತಿ ನಗುತ್ತಾಳೆ, ಸಂಬಳವಿಲ್ಲದ ಬಟವಾಡೆ ಮತ್ತೆ ಶುರುವಾಯಿತು ಎಂದು. ಆ 21 ಕಾರ್ಡಿನ ಸಂಗತಿ ಅವಳಿಗೆ ಗೊತ್ತು.

ಇನ್ನೇನು ಬರೆಯಲಿ. ಕಳೆದ ವಾರ ವಿಮೆಯ ವಿಷಯ ಹೇಳಲು ಫೋನು ಮಾಡಿ, ನಡುವೆ ಕೆಮ್ಮು ಬಂದು ಮಾತು ನಿಂತು, ‘ಸಾರಿ ಸರ್’ ಎಂದ ತಂಗಿ ಈ ಪತ್ರಿಕೆ ಓದುವವಳಾಗಿದ್ದರೆ ಒಂದು ಮಾತು. ನಾನು ಉತ್ತರ ಕೊಡುವಷ್ಟರಲ್ಲಿ ನಿಮ್ಮ ಯಂತ್ರ ಲೈನು ಕತ್ತರಿಸಿತು. ನಾಲ್ಕು ಕಾಳುಮೆಣಸು ಜಜ್ಜಿ, ಶುಂಠಿ, ಜೋನಿಬೆಲ್ಲ ಹಾಕಿ ಕುದಿಸಿ, ಬಿಸಿಬಿಸಿ ಇರುವಾಗಲೇ ಕುಡಿಯಿರಿ ಎನ್ನುವವನಿದ್ದೆ. ವಿಮೆ ಬೇಡ.

ಇತಿ ನಿಮ್ಮ ಪಟ್ಟಿಯಲ್ಲಿರುವ,
ಹಳೇ ಅಂಚೆಯವನು